ಸೊಸೆಸಾರು

ಬೇಖಾಮಾಯಾಳ ಸಿಟ್ಟಿನ ಬಗ್ಗೆ ಕಠ್ಮಂಡು ಬಳಿಯ ಪಾಂಗಾದಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ. ಅವಳು ಖೋಕನಾದ ಹೆಣ್ಣು, ಎಣ್ಣೆ ಗಾಣದ ಊರು, ಕಿಡಿ ಸೋಕಿದರೆ ಸಾಕು, ಭಗ್ಗೆನ್ನುತ್ತದೆ. ಹೇಳಿ ನಗುತ್ತಾರೆ. ಕಿಡಿ ಹಾಕಿದವರು ಯಾರೆಂಬುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಖೋಕನಾದ ಅವಳ ಮನೆಯಲ್ಲಿ ಗಂಡಸರಿರಲಿಲ್ಲ. ಅವಳು ಅಂಬೆಗಾಲಿಡುವಾಗಲೇ ಅಪ್ಪ ಜ್ವರದಲ್ಲಿ ಹೋಗಿದ್ದ. ಉಳಿದವರು ಅಜ್ಜಿ, ತಾಯಿ, ಮೂರು ಹೆಣ್ಣುಮಕ್ಕಳು. ನಾಟಿ ಮುಗಿದು, ಮಂಡಿಯವರೆಗಿನ ಕೆಸರು ತೊಳೆದು, ಶ್ರಾವಣದ ಹುಣ್ಣಿಮೆಗೆ ಕ್ವಾತಿ ಕುದಿಸುವ ದಿನ ಐದೂ ಜನ ಒಲೆಯ ಸುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಒಂಬತ್ತು ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಶುಂಠಿ ಜಜ್ಜಿ ಹಾಕಿ, ಸಾಸಿವೆ ಎಣ್ಣೆಯಲ್ಲಿ ಓಮದ ಒಗ್ಗರಣೆ ಕೊಟ್ಟ ಸಾರು ಅದು. ಗದ್ದೆಯ ನೀರಲ್ಲಿ ನಿಂತು ನಿಂತು ತಣ್ಣಗಾದ ಮೈಯನ್ನು ಒಳಗಿನಿಂದ ಕಾಯಿಸುತ್ತಿತ್ತು. ಅಜ್ಜಿ ಸೌಟು ಹಿಡಿದು, "ಯಾರಿಗೆ ಜಾಸ್ತಿ ಹಸಿವು?" ಎಂದು ಕೇಳುತ್ತಿದ್ದಳು. ಕೈ ಎತ್ತಿದವರಿಗೆ ಮೊದಲು. ಆ ಮನೆಗೆ ಇದ್ದದ್ದು ಅದೊಂದೇ ಕಟ್ಟಳೆ. ಕೊನೆಗೆ ಉಣ್ಣುವವರು ಎಂಬ ಜಾತಿಯೊಂದು ಲೋಕದಲ್ಲಿದೆ ಎಂದು ಬೇಖಾಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಗಂಡ ಗಜಮಾನ್ ಕೆಟ್ಟವನಲ್ಲ. ಧಿಮೆ ಡೋಲು ಬಾರಿಸುವುದರಲ್ಲಿ ಎತ್ತಿದ ಕೈ. ಹೊಲದ ಕೆಲಸಕ್ಕೆ ಸೋಮಾರಿಯಲ್ಲ, ಕುಡಿದು ಬಂದು ಕೈ ಮಾಡುವವನಲ್ಲ. ಅವನ ಐಬು ಒಂದೇ. ನಾಲ್ಕು ಜನ ನಗುವ ಕಡೆ ತಾನೂ ನಗುತ್ತಿದ್ದ, ಏಕೆ ಎಂದು ಕೇಳಿಕೊಳ್ಳುತ್ತಿರಲಿಲ್ಲ.

ಮದುವೆಯಾದ ವರ್ಷವೇ ಕುಲದೇವರ ಪೂಜೆಯ ಗುಠಿ ಊಟ ಅವರ ಮನೆಯ ಪಾಳಿಗೆ ಬಂತು. ಒಂದೇ ಬಳ್ಳಿಯ ಮನೆಗಳ ಕೂಟವೇ ಗುಠಿ. ದೇವರಿಗೆ ಪೂಜೆ ಮಾಡುವವರೂ ಅವರೇ, ಸತ್ತರೆ ಹೆಗಲು ಕೊಡುವವರೂ ಅವರೇ. ಎಲ್ಲ ಮನೆಯ ಸೊಸೆಯರೂ ಬಂದು ಅಡುಗೆಗೆ ನಿಂತರು. ಬೇಖಾ ಆಗ ಬಸುರಿ. ಬಾಯಿಗೆ ಏನೂ ಹಿಡಿಸುತ್ತಿರಲಿಲ್ಲ, ಹುಳಿಯೊಂದನ್ನು ಬಿಟ್ಟು. ಬೆಳಗಿನಿಂದ ಅವಳೇ ಪಾಉಂಕ್ವಾ ಕಾಯಿಸುತ್ತಿದ್ದಳು. ಅಮಟೆಯಂಥ ಲಪ್ಸಿ ಹಣ್ಣನ್ನು ಒಣಗಿಸಿ ಇಟ್ಟುಕೊಂಡು, ನೆನೆಸಿ, ಒಣಮೀನಿನ ಜೊತೆ ಕುದಿಸಿ, ಮೆಂತ್ಯ ಕಪ್ಪಗಾಗುವವರೆಗೆ ಹುರಿದು ಒಗ್ಗರಣೆ ಹಾಕುವ ಹುಳಿಸಾರು. ಮಾಂಸ, ಕಳಲೆ, ಸೊಪ್ಪು ಎಲ್ಲ ಮುಗಿದು ಊಟ ಭಾರವಾದಾಗ ಅದು ಬರಬೇಕು. ಅದು ಬಾರದೆ ಊಟ ಊಟವಲ್ಲ. ಹಬೆ ಮೂಗಿಗೆ ಬಡಿದಾಗಲೆಲ್ಲ ಅವಳ ಬಾಯಲ್ಲಿ ನೀರೂರುತ್ತಿತ್ತು. ನನ್ನ ಪಾಲು ಬರುತ್ತದಲ್ಲ, ತಡೆ, ಎಂದು ತನಗೆ ತಾನೇ ಹೇಳಿಕೊಂಡಳು.

ಅಂಗಳದಲ್ಲಿ ಹುಲ್ಲುಚಾಪೆ ಉದ್ದಕ್ಕೆ ಹಾಸಿ ಗಂಡಸರು ವಯಸ್ಸಿನ ಸಾಲಿನಲ್ಲಿ ಕೂತರು. ತುದಿಯಲ್ಲಿ ಎಲ್ಲರಿಗಿಂತ ಹಿರಿಯ, ಥಕಾಲಿ. ಅವನು ಏಳದೆ ಯಾರೂ ಏಳುವಂತಿಲ್ಲ. ಅವರದಾಯಿತು. ಹಿರಿಯ ಹೆಂಗಸರದಾಯಿತು. ಮಕ್ಕಳದು, ತವರಿಗೆ ಬಂದ ಹೆಣ್ಣುಮಕ್ಕಳದು, ಅಳಿಯಂದಿರದು ಆಯಿತು. ಸೊಸೆಯರ ಸರದಿ ಬಂದಾಗ ಅವಲಕ್ಕಿ ಇತ್ತು, ಸೊಪ್ಪು ಇತ್ತು, ಕೋಣನ ಮಾಂಸದ ಎಲುಬು ಇದ್ದವು. ಪಾಉಂಕ್ವಾದ ಹಂಡೆಯಲ್ಲಿ ಬೀಜ ಮಾತ್ರ.

ಅತ್ತೆ ಪುನಮಾಯಾ ಒಲೆಯ ಮೇಲಿನ ಬಿಸಿನೀರು ತಂದು ಹಂಡೆಗೆ ಸುರಿದಳು. ಒಂದು ಹಿಡಿ ಉಪ್ಪು ಹಾಕಿ, ಸೌಟಿನಿಂದ ಹಂಡೆಯ ಒಳಮೈ ಕೆರೆದು ಕಲಕಿದಳು. ಬಟ್ಟಲುಗಳಿಗೆ ಹಂಚಿದಳು. ಉಳಿದ ಸೊಸೆಯರು ಎತ್ತಿ ಕುಡಿದರು.

"ಏನಿದು ಅತ್ತೆ?"

"ಸೊಸೆಸಾರು. ಕುಡಿ, ಆರಿಹೋಗುತ್ತೆ."

"ನಮ್ಮೂರಲ್ಲಿ ಇದನ್ನ ಕಲಗಚ್ಚು ಅಂತೀವಿ. ಎಮ್ಮೆಗೆ ಹಾಕ್ತೀವಿ."

ಸೌಟು ಅಲ್ಲೇ ನಿಂತಿತು. ಅತ್ತೆ ದನಿ ಏರಿಸಲಿಲ್ಲ. "ಈ ಮನೆಗೆ ಕಾಲಿಟ್ಟಾಗಿಂದ ನಾನೂ ಇದನ್ನೇ ಕುಡ್ಕೊಂಡ್ ಬಂದಿದೀನಿ. ನನ್ನತ್ತೆನೂ ಕುಡಿದ್ಲು. ನಾವೇನು ಎಮ್ಮೆಗಳಾ?"

"ನೀವು ಕುಡಿದ್ರಿ ಅಂತ ನಾನೂ ಕುಡೀಬೇಕಾ?"

"ಕುಡೀಬೇಡ. ಹಸ್ಕೊಂಡಿರು. ಯಾರು ಬೇಡ ಅಂದ್ರು?"

ಬೇಖಾ ಕುಡಿಯಲಿಲ್ಲ. ಬಟ್ಟಲನ್ನು ಹಿತ್ತಿಲಿಗೆ ಒಯ್ದು ಬೂದಿಗುಂಡಿಗೆ ಚೆಲ್ಲಿ ಬಂದಳು. ಅತ್ತೆಯ ಮೇಲೆ ಸಿಟ್ಟು ಬಂತೆಂದುಕೊಂಡರೆ ಅದಲ್ಲ. ಬೆಳಗಿನಿಂದ ಹೊಗೆ ಕುಡಿದು ತಾನು ಕಾಯಿಸಿದ್ದನ್ನು, ತನಗಿಷ್ಟು ಉಳಿದಿದೆಯೇ ಎಂದು ಒಬ್ಬನಾದರೂ ತಿರುಗಿ ನೋಡದೆ ಸುರಿದುಕೊಂಡು ತೇಗಿದ ಸಾಲಿನ ಮೇಲೆ ಸಿಟ್ಟು. ಆ ಸಾಲಿನಲ್ಲಿ ಗಜಮಾನ್ ಕೂಡ ಇದ್ದ.

ಹೆರಿಗೆಯಾಯಿತು, ಗಂಡುಮಗು. ಅತ್ತೆ ತಾನೇ ಕೈಯಾರೆ ತುಪ್ಪದಲ್ಲಿ ಓಮ ಹುರಿದು ಸಾರು ಮಾಡಿ, ಕೋಣೆಯೊಳಗೆ ತಂದು, ಬಟ್ಟಲು ತುಂಬ ತುಂಬ ಕುಡಿಸಿದಳು. ಕ್ವಾತಿಯ ಕಾಳು ನೆನೆಸಿ ಅಕಾಲದಲ್ಲೂ ಕುದಿಸಿದಳು. ಬೇರೆಯವಳಾಗಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದಳೋ ಏನೋ. ಬೇಖಾ ಲೆಕ್ಕ ಹಾಕಿದಳು. ಹೊತ್ತಾಗ ಕಲಗಚ್ಚು, ಹೆತ್ತ ಮೇಲೆ ತುಪ್ಪ. ಇದು ತನಗಲ್ಲ, ಮೊಮ್ಮಗನಿಗೆ ಹಾಲಾಗಲಿ ಎಂದು ಹಸುವಿಗೆ ಹಾಕುವ ಹಿಂಡಿ. ಹಾಗೆಂದು ಬಾಯಿ ಬಿಟ್ಟು ಹೇಳಿಯೂ ಹೇಳಿದಳು. ಅತ್ತೆ ಎದ್ದು ಹೋಗಿ ಆ ದಿನವೆಲ್ಲ ಜಗಲಿಯಲ್ಲಿ ಕೂತಿದ್ದಳು. ಸಂಜೆ ಮತ್ತೆ ಸಾರು ತಂದಿಟ್ಟಳು.

ಮುಂದಿನ ಪಾಳಿ ಗಜಮಾನನ ದೊಡ್ಡಪ್ಪನ ಮನೆಯದು. ಆ ಮನೆಗೆ ನಾನಿಛೋರಿ ಎಂಬ ಹುಡುಗಿ ಹೊಸದಾಗಿ ಸೊಸೆಯಾಗಿ ಬಂದಿದ್ದಳು. ಗುಬ್ಬಿಯಂಥ ಹುಡುಗಿ, ಮಾತೂ ಗುಬ್ಬಿಯಷ್ಟೇ. ಅವಳಿಗೂ ದಿನ ತುಂಬುತ್ತಿದ್ದವು. ಹಂಡೆಯ ಪಕ್ಕ ನಿಂತು ಹಬೆಯನ್ನು ಮೂಗಿಗೆಳೆದುಕೊಳ್ಳುತ್ತಿದ್ದುದನ್ನು ಬೇಖಾ ನೋಡಿದಳು. ತನ್ನನ್ನೇ ಕಂಡಂತಾಯಿತು. ದೇವರಿಗೆ ಎಡೆಯಿಟ್ಟು ಬಂದ ಮೇಲೆ, ಅಂಗಳದಲ್ಲಿ ಎಲೆ ಹಾಕುವ ಗದ್ದಲದಲ್ಲಿ, ಹಂಡೆಯಿಂದ ಒಂದು ತಾಮ್ರದ ಚೊಂಬು ತುಂಬ ಪಾಉಂಕ್ವಾ ತೆಗೆದು ಅಟ್ಟದ ಹುಲ್ಲಿನೊಳಗೆ ಇಟ್ಟಳು. "ಎಲ್ಲ ಮುಗಿದ ಮೇಲೆ ಹತ್ತಿ ಹೋಗಿ ಕುಡಿ" ಎಂದು ನಾನಿಛೋರಿಯ ಕಿವಿಯಲ್ಲಿ ಹೇಳಿದಳು.

ಹುಲ್ಲು ತರಲು ಅಟ್ಟ ಹತ್ತಿದ ಆಳು ಚೊಂಬನ್ನು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಇಳಿದುಬಂದ.

"ಯಾರಿಟ್ಟಿದ್ದು?" ಥಕಾಲಿ ಕೇಳಿದ.

ನಾನಿಛೋರಿಯ ಮುಖ ಬಿಳಿಚಿತು. ಬೇಖಾ ಮುಂದೆ ಬಂದಳು. "ನಾನು."

"ದೇವರ ಪಾಲು ಕದ್ದೆಯಾ?"

"ದೇವರಿಗೆ ಎಡೆ ಆದ ಮೇಲೆ ತೆಗೆದದ್ದು. ಕದ್ದದ್ದಲ್ಲ."

"ದೇವರಾದ ಮೇಲೆ ಹಿರಿಯರು. ಹಿರಿಯರ ಎಲೆಗೆ ಬೀಳೋಕೆ ಮುಂಚೆ ತೆಗೆದರೆ ಕಳವೇ."

"ಹಿರಿಯರಾದ ಮೇಲೆ ನಮಗೇನು ಉಳಿಯುತ್ತೆ ಅಂತ ಯಾವತ್ತಾದ್ರೂ ಹಂಡೆಗೆ ಇಣುಕಿ ನೋಡಿದ್ದೀರಾ?"

ಹೆಂಗಸೊಬ್ಬಳು ಊಟದ ಸಾಲಿಗೆ ಎದುರಾಡಿದ್ದನ್ನು ಅವರಾರೂ ಕಂಡವರಲ್ಲ. ಥಕಾಲಿ ತೀರ್ಮಾನ ಹೇಳಿದ. ಕೂತಿರುವ ಪ್ರತಿಯೊಬ್ಬರ ಕಾಲಿಗೂ ಬಿದ್ದು ತಪ್ಪಾಯಿತು ಎನ್ನಬೇಕು. ಇಲ್ಲವಾದರೆ ಗಂಡ ಎದ್ದು ಹೋಗಬೇಕು, ಗುಠಿಯಿಂದಲೂ.

ಬೇಖಾ ಗಜಮಾನನ ಕಡೆ ನೋಡಿದಳು. ಅವನು ಎಲೆಯ ಮೇಲಿನ ಅವಲಕ್ಕಿ ನೋಡುತ್ತಿದ್ದ.

ಅವಳು ಬಾಗಿದಳು. ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಕಾಲನ್ನೂ ಹಣೆಗೆ ಮುಟ್ಟಿಸಿಕೊಂಡಳು. ನಡುವಿನಲ್ಲಿ ಜ್ಞಾನಕಾಜಿ ಕೂತಿದ್ದ, ಮಾವನ ಚಿಕ್ಕಪ್ಪನ ಮಗ, ನಾಲಿಗೆ ಚುರುಕಿನವನು. ಅವಳು ಬಾಗುತ್ತಿದ್ದಂತೆ ಕಾಲು ಹಿಂದಕ್ಕೆಳೆದುಕೊಂಡ.

"ಇರಮ್ಮಾ ಸೊಸೆ, ಇರು. ಮೊದ್ಲು ಕೈ ಒರೆಸ್ಕೊ. ಹುಳಿ ಅಂಟಿದ್ರೆ ನನ್ನ ಕಾಲಿಗೂ ಬಯಕೆ ಶುರುವಾಗಿಬಿಡುತ್ತೆ."

ಇಡೀ ಸಾಲು ಗೊಳ್ಳೆಂದಿತು. ಬಾಗಿದಲ್ಲಿಂದಲೇ ಬೇಖಾ ಕಣ್ಣೋರೆಯಲ್ಲಿ ನೋಡಿದಳು. ಗಜಮಾನ್ ಕೂಡ ನಗುತ್ತಿದ್ದ. ದೊಡ್ಡ ನಗುವೇನಲ್ಲ. ಎಲ್ಲರೂ ನಗುವಾಗ ಬಾಯಿ ಮುಚ್ಚಿಕೊಂಡಿದ್ದರೆ ಏನೆಂದುಕೊಳ್ಳುತ್ತಾರೋ ಎಂಬಂಥ ಹಲ್ಲುಕಿರಿತ. ಅವಳ ಜೀವಮಾನದ ಸಿಟ್ಟಿಗೆ ಅಷ್ಟು ಸಾಕಾಯಿತು. ಸಾರಿನದು, ಕಾಲಿಗೆ ಬಿದ್ದದ್ದು, ಕಳ್ಳಿ ಎಂದದ್ದು ಒಂದೊಂದಾಗಿ ಮರೆಯಬಹುದಿತ್ತು. ಆ ಹಲ್ಲುಕಿರಿತ ಮರೆಯುವಂಥದ್ದಲ್ಲ.

ಮನೆಗೆ ಬಂದ ಮೇಲೆ ಅವನು, "ಏನ್ ಮಾಡ್ಲಿ ಹೇಳು, ಗುಠಿ ಬಿಟ್ಟು ಬದುಕೋಕಾಗುತ್ತಾ" ಎಂದ.

"ಬದುಕೋಕಾಗಲ್ಲ, ಸರಿ. ನಗದೆ ಇರೋಕೂ ಆಗಲ್ವಾ?"

ಆ ಪ್ರಶ್ನೆಯನ್ನು ಅವಳು ಮುಂದೆ ಎಷ್ಟೋ ವರ್ಷ ಕೇಳಿದಳು. ಡೋಲಿನ ಚರ್ಮ ಬಿಗಿಯುತ್ತಿರುವಾಗ ಕೇಳಿದಳು, ಭತ್ತ ತೂರುವಾಗ ಕೇಳಿದಳು. ಮಕ್ಕಳು ದೊಡ್ಡವರಾಗುತ್ತ ಅಮ್ಮನ ಬಾಯಿಗೆ ಹೆದರಿ ನಡೆದರು. ಗಲ್ಲಿಯ ಕೋಳಿಗಳೂ ಅವಳ ಹೊಸ್ತಿಲು ದಾಟುತ್ತಿರಲಿಲ್ಲವೆಂದು ಜನ ಆಡಿಕೊಂಡರು. ವರ್ಷಕ್ಕೊಮ್ಮೆ ಊಟದ ದಿನ ಅವಳು ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿ, ಎಲ್ಲರಿಗಿಂತ ಚೆನ್ನಾಗಿ ಪಾಉಂಕ್ವಾ ಕಾಯಿಸಿ, ಬರಿ ಅವಲಕ್ಕಿ ತಿಂದು ಎದ್ದು ಹೋಗುತ್ತಿದ್ದಳು. ಸೊಸೆಸಾರಿನ ಬಟ್ಟಲನ್ನು ಮುಟ್ಟಲೇ ಇಲ್ಲ.

ಹಿರಿಯರು ಒಬ್ಬೊಬ್ಬರಾಗಿ ಹೋದರು. ಅತ್ತೆ ಹೋದಳು. ಹೋಗುವ ಮುಂಚೆ ಬೇಖಾಳ ಕೈಯಿಂದ ಕ್ವಾತಿಯ ತಿಳಿ ಕೇಳಿ ಕುಡಿದಳು, ಬೇಖಾ ಕುಡಿಸಿದಳು, ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ಎಲ್ಲರನ್ನೂ ದಾಟಿ ಜ್ಞಾನಕಾಜಿ ಥಕಾಲಿಯಾದ. ಅವನ ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಹೆಂಗಸರಲ್ಲಿ ಹಿರಿತನ ಬೇಖಾಗೆ ಬಂತು. ಅವಳೀಗ ನಕಿಂ, ಮನೆತನದ ಹಿರಿಯ ಮುತ್ತೈದೆ. ಹೆಂಗಸರಲ್ಲಿ ನಕಿಂ ಒಬ್ಬಳಿಗಷ್ಟೇ ಗಂಡಸರ ಸಾಲಿನಲ್ಲಿ ಜಾಗ, ಥಕಾಲಿಯ ಎದುರಿಗೆ ಅವಳ ಚಾಪೆ, ಅವಳ ಎಲೆಗೆ ಮೊದಲ ಸೌಟು.

ಆ ವರ್ಷ ಪಾಳಿ ಮತ್ತೆ ಅವಳ ಮನೆಗೇ ಬಂದಿತ್ತು. ಮಗನಿಗೆ ಮದುವೆಯಾಗಿ, ಸೊಸೆ ರೋಜಿನಾ ಬಂದಿದ್ದಳು. ಊರ ಆಸ್ಪತ್ರೆಯಲ್ಲಿ ನರ್ಸು. ಅವಳು ಹೊತ್ತಾರೆ ಡ್ಯೂಟಿ ಮುಗಿಸಿ ಬಂದು ನೇರ ಅಡುಗೆಮನೆಗೆ ನಿಂತಿದ್ದಳು. ಬೇಖಾ ಚಾಪೆಯ ಮೇಲೆ ಕೂತು ಪಾಉಂಕ್ವಾದ ಮೊದಲ ಗುಟುಕು ಕುಡಿದಳು. ಸಾರು ಚೆನ್ನಾಗಿತ್ತು. ಬಟ್ಟಲು ಖಾಲಿಯಾಗುವುದರೊಳಗೆ ಮತ್ತೆ ತುಂಬಿದರು. ತನಗೆ ಇಷ್ಟು ಸಲೀಸಾಗಿ ಸಿಗುತ್ತಿದೆಯಲ್ಲ ಎನ್ನಿಸಿತು. ಬಟ್ಟಲು ಕೆಳಗಿಟ್ಟು ಅಡುಗೆಮನೆಯ ಕಡೆ ನಡೆದಳು. ಮೊಸರು ಬಡಿಸುವ ಹೊತ್ತು, ಅದನ್ನು ನಕಿಂ ಎದ್ದು ತಂದು ಬಡಿಸುವುದು ವಾಡಿಕೆ.

ಒಳಗೆ, ಮಕ್ಕಳು ಅಳಿಯಂದಿರ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ನಾನಿಛೋರಿ ಹಂಡೆಗೆ ಬಿಸಿನೀರು ಸುರಿಯುತ್ತಿದ್ದಳು. ಈಗ ಅವಳೂ ಅರ್ಧ ನರೆತವಳು. ಹೊಸ ಸೊಸೆಯರು ಬಟ್ಟಲು ಹಿಡಿದು ನಿಂತಿದ್ದರು, ರೋಜಿನಾ ಕೂಡ.

"ನೀನಾ?" ಬೇಖಾ ನಾನಿಛೋರಿಗೆ ಕೇಳಿದಳು. "ನೀನೇ ಸುರೀತಿದೀಯಾ?"

"ಏನ್ ಮಾಡ್ಲಿ ತತಾ, ಮೊದಲಿಂದ..."

"ಅಕ್ಕಾ ಅಂತ ಕರೀಬೇಡ ನನ್ನ. ಅಟ್ಟದ ಚೊಂಬು ಯಾರಿಗೆ ಇಟ್ಟಿದ್ದೆ ನಾನು?"

ನಾನಿಛೋರಿ ಚರಿಗೆ ಕೆಳಗಿಟ್ಟಳು. ಬೇಖಾ ಹಂಡೆಯ ಎರಡೂ ಕಿವಿ ಹಿಡಿದು ಎತ್ತಿದಳು. ರೋಜಿನಾ, "ಬಿಡಿ ಮಾಂ, ಒಂದ್ ಬಟ್ಟಲು ಸಾರಿಗೆ ಯಾಕೆ" ಎಂದಳು. ಆ ಮಾತು ಇನ್ನೂ ಎಣ್ಣೆ ಸುರಿಯಿತು. ಒಂದು ಬಟ್ಟಲು ಸಾರು, ಅಷ್ಟೇ ತಾನೇ. ಅಷ್ಟನ್ನೂ ಕೊಡದವರ ಮುಂದೆ ಇವಳೂ ಬಗ್ಗಲು ಕಲಿಯುತ್ತಿದ್ದಾಳೆ.

ಹಂಡೆ ತಂದು ಜ್ಞಾನಕಾಜಿಯ ಮುಂದೆ ಕುಕ್ಕಿದಳು. ಸೌಟಿನಲ್ಲಿ ಎತ್ತಿ ಅವನ ಮಣ್ಣಿನ ಬಟ್ಟಲಿಗೆ ಸುರಿದಳು. ಕೆಂಪುಮಣ್ಣಿನ ಮೇಲೆ ಬೂದಿಬಣ್ಣದ ನೀರು.

"ಕುಡೀರಿ ಕಕಾ."

"ಏನಮ್ಮಾ ಇದು?"

"ಸೊಸೆಸಾರು. ನಮ್ಮ ಮನೆತನದ್ದೇ. ನಿಮ್ಮಮ್ಮ ಕುಡಿದಿದ್ದು, ನಿಮ್ಮ ಹೆಂಡತಿ ಕುಡಿದಿದ್ದು. ನೀವೊಬ್ರೇ ರುಚಿ ನೋಡಿಲ್ಲ."

ಜ್ಞಾನಕಾಜಿ ಸುತ್ತ ನೋಡಿದ. ನಗುವವರು ಸಿಗುತ್ತಾರೇನೋ ಎಂದು ಹುಡುಕಿದಂತಿತ್ತು. "ವಯಸ್ಸಾಯ್ತು, ತಲೆ ಕೆಟ್ಟಿದೆ. ಗಜಮಾನ್, ಕರ್ಕೊಂಡ್ ಹೋಗಪ್ಪಾ ಒಳಗೆ."

ಗಜಮಾನ್ ಎದ್ದ. ಥಕಾಲಿ ಏಳುವ ಮುಂಚೆ ಎದ್ದ, ಅದು ಅವನ ಬಾಳಿನಲ್ಲೇ ಮೊದಲು. ಹತ್ತಿರ ಬಂದು ಹೆಂಡತಿಯ ಕೈ ಹಿಡಿಯಲಿಲ್ಲ. ಬಗ್ಗಿ ಜ್ಞಾನಕಾಜಿಯ ಬಟ್ಟಲು ಎತ್ತಿ ಗಟಗಟ ಕುಡಿದ. ಮುಖ ಕಿವುಚಿತು. ಬಟ್ಟಲು ಇಟ್ಟು ಬೇಖಾಳ ಮುಖ ನೋಡಿದ. ಇಷ್ಟು ವರ್ಷದ ಸಾಲ ತೀರಿತು ಎಂಬ ಆಸೆ ಅವನ ಕಣ್ಣಲ್ಲಿತ್ತು.

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು ಬೇಖಾ. "ಅವತ್ತು ನಕ್ಕು ಅವರ ಮಾನ ಕಾಪಾಡಿದ್ರಿ. ಇವತ್ತು ಕುಡಿದು ಅವರ ಮಾನ ಕಾಪಾಡಿದ್ರಿ. ನನ್ನ ಕಡೆ ಯಾವಾಗ ಬರ್ತೀರಿ?"

ಮತ್ತೆ ಸೌಟು ಎತ್ತಿ ಬಟ್ಟಲು ತುಂಬಿದಳು.

ಜ್ಞಾನಕಾಜಿ ಬಟ್ಟಲಿನಿಂದ ಮುಖ ತಿರುಗಿಸಿದ. "ನೋಡು, ಗುಠಿಯೋರನ್ನ ಹೀಗೆ ಅವಮಾನ ಮಾಡಿದ್ರೆ ನಾಳೆ ನಿನ್ನ ಹೆಣ ಎತ್ತೋಕೆ ಒಬ್ಬನೂ ಬರಲ್ಲ."

"ಬರಬೇಡಿ. ಬದುಕಿದ್ದಾಗ ಒಂದ್ ಗುಟುಕು ಸಾರು ಉಳಿಸದೋರು ಸತ್ತ ಮೇಲೆ ಹೆಗಲು ಕೊಟ್ರೆಷ್ಟು, ಬಿಟ್ರೆಷ್ಟು."

ಅವನು ಕುಡಿಯಲಿಲ್ಲ. ತುಂಬಿದ ಬಟ್ಟಲನ್ನು ಎಲೆಯ ಮೇಲೆ ಬಿಟ್ಟು ಎದ್ದುಹೋದ. ಅವನು ಎದ್ದದ್ದರಿಂದ ಎಲ್ಲರೂ ಎದ್ದರು. ಮೊಸರು ಗಡಿಗೆಯಲ್ಲೇ ಉಳಿಯಿತು.

ಗುಠಿ ಸೇರಿತು. ನಕಿಂ ಎಲ್ಲರೆದುರು ಮೊಟ್ಟೆ, ಅಯ್ಲಾ ಎಂಬ ಭಟ್ಟಿ ಸಾರಾಯಿ ಇಟ್ಟು ಕ್ಷಮೆ ಕೇಳುವವರೆಗೆ ಅವಳ ಚಾಪೆ ಹಾಸಕೂಡದು ಎಂದಾಯಿತು. ಬೇಖಾ ಕ್ಷಮೆ ಕೇಳಲಿಲ್ಲ. ಗಜಮಾನ್ ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದ. ಮೂರನೆಯ ಸಲ, "ಕ್ಷಮೆ ಕೇಳ್ಬೇಡ" ಎಂದ, ಅಷ್ಟೇ. ಅವಳು ನಂಬಿದಳೆಂದು ಹೇಳಲಾಗದು. ಆದರೆ ಆ ದಿನ ಅವನ ಬಟ್ಟಲಿಗೆ ತಾನೇ ಸಾರು ಬಡಿಸಿದಳು.

ಮರುವರ್ಷ ಪಾಳಿ ನಾನಿಛೋರಿಯ ಮನೆಯದು. ಅಡುಗೆಗೆ ಸೊಸೆಯರೆಲ್ಲ ಬಂದರು, ಸೊಪ್ಪು ಹೆಚ್ಚಿದರು, ಮಾಂಸ ತೊಳೆದರು. ಒಲೆ ಮಾತ್ರ ಹತ್ತಲಿಲ್ಲ. ಹೊತ್ತು ಏರಿತು. ಹೊಗೆ ಕಾಣದೆ ಜ್ಞಾನಕಾಜಿಯ ಮಗ ಬಿಕ್ರಂ ವಿಚಾರಿಸಲು ಬಂದ. ನಾನಿಛೋರಿ ಒಲೆಯ ಮುಂದೆ ಸೆರಗು ಹೊದ್ದು ಕೂತಿದ್ದಳು.

"ಸೌದೆ ಇಲ್ವಾ ಅತ್ತಿಗೆ?"

"ಸೌದೆ ಇದೆ. ನಕಿಂ ಇಲ್ಲ."

"ಅದು ಗುಠಿ ತೀರ್ಮಾನ ಅಲ್ವಾ."

"ತೀರ್ಮಾನ ಬೇಯಿಸ್ಕೊಂಡು ತಿನ್ನಿ."

ಅವಳ ಬಾಯಿಂದ ಅಂಥ ಮಾತು ಬಂದೀತೆಂದು ಅಲ್ಲಿದ್ದವರಾರೂ ಎಣಿಸಿರಲಿಲ್ಲ. ರೋಜಿನಾ ಕೈಯಲ್ಲಿದ್ದ ಚಾಕು ಕೆಳಗಿಟ್ಟು ಅವಳ ಪಕ್ಕ ಕೂತಳು. ಮತ್ತೊಬ್ಬಳು ಕೂತಳು. ದೇವರಿಗೆ ಎಡೆಯ ಹೊತ್ತು ಮೀರುವಂತಾದಾಗ ಗಂಡಸರು ಗಾಬರಿಯಾದರು.

ಬಿಕ್ರಂ ಬೇಖಾಳ ಮನೆಗೆ ಓಡಿದ. ಅವಳು ಜಗಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದಳು.

"ನಿಮ್ಮಪ್ಪ ಬರ್ಲಿ" ಎಂದಳು, ತಲೆ ಎತ್ತದೆ.

ಜ್ಞಾನಕಾಜಿ ಬಂದ. ಕೋಲೂರಿಕೊಂಡು ಗಲ್ಲಿಯ ಕಲ್ಲು ಹತ್ತಿ ಬಂದು ಹೊಸ್ತಿಲಾಚೆ ನಿಂತ. ಕ್ಷಮೆಯ ಮಾತಿಲ್ಲ, ಮುಖದಲ್ಲಿ ಅದರ ನೆರಳೂ ಇಲ್ಲ. "ಬಾ" ಎಂದ, ಗೋಡೆ ನೋಡುತ್ತ.

ಬೇಖಾ ಮೊರ ಕೆಳಗಿಟ್ಟಳು. ಬಾಗಿಲು ಹಾಕಿಬಿಡಬೇಕು ಎನ್ನಿಸಿತು. ಕೈ ಬಾಗಿಲ ಮೇಲೆ ಹೋಗಿಯೂ ಇತ್ತು. ಆದರೆ ಅಲ್ಲಿ ನಾನಿಛೋರಿ ಉಪವಾಸ ಕೂತಿದ್ದಳು, ಉಳಿದ ಸೊಸೆಯರು ಕೂತಿದ್ದರು. "ನಿಮಗಾಗಿ ಬರ್ತಿಲ್ಲ" ಎಂದು ಹೇಳಿ, ಅವನನ್ನು ದಾಟಿಕೊಂಡು ಮುಂದೆ ನಡೆದಳು. ಅವನು ಹಿಂದೆ ಕೋಲೂರುತ್ತ ಬಂದ.

ಅಂದು ಎರಡು ಹಂಡೆ ಪಾಉಂಕ್ವಾ ಕುದಿಯಿತು. ದೇವರ ಎಡೆಯಾದ ಮೇಲೆ ಒಂದನ್ನು ಅಂಗಳಕ್ಕೆ ಒಯ್ದರು, ಒಂದು ಸೊಸೆಯರಿಗೆಂದು ಒಲೆಯ ಬಳಿಯೇ ಉಳಿಯಿತು. ನಾನಿಛೋರಿ ತನ್ನ ಬಟ್ಟಲು ಎತ್ತಿ ಒಂದು ಗುಟುಕು ಕುಡಿದು, "ಹುಳಿ ಜಾಸ್ತಿಯಾಯ್ತು ತತಾ" ಎಂದಳು. "ಆಗ್ಲಿ, ಕುಡಿ" ಎಂದಳು ಬೇಖಾ. ಜ್ಞಾನಕಾಜಿ ಸಾಯುವವರೆಗೂ ಅವಳೊಡನೆ ಮಾತಾಡಲಿಲ್ಲ. ಅವಳೂ ಆಡಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಗುಠಿಯ ಹುಡುಗರೇ ಸೇರಿ ಚಾಪೆಯ ಸಾಲನ್ನು ಎರಡು ಮಾಡಿ, ಗಂಡಸರು ಹೆಂಗಸರು ಎದುರುಬದುರು ಕೂರುವಂತೆ ಮಾಡಿದರು. ಬಡಿಸುವ ಪಾಳಿಯನ್ನೂ ಹಂಚಿಕೊಂಡರು. ಬೇಖಾಳ ಮೊಮ್ಮಗಳು ಅವಳ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಒಂದು ವರ್ಷ ಕಠ್ಮಂಡುವಿನಿಂದ ಬಿಕ್ರಂನ ಸ್ನೇಹಿತರು ಊಟಕ್ಕೆ ಬಂದಿದ್ದರು. ಅವನು ಅವರಿಗೆ ಸಾಲು ತೋರಿಸುತ್ತ, ಎದೆಯುಬ್ಬಿಸಿ ಹೇಳುತ್ತಿದ್ದ: "ನಮ್ಮ ಜನರಲ್ಲಿ ಹೆಣ್ಣು ಗಂಡು ಭೇದ ಇಲ್ಲ ನೋಡಿ. ಒಟ್ಟಿಗೇ ಊಟ. ಮೊದಲಿಂದ್ಲೂ ಹೀಗೇ."

ಬೇಖಾಳ ಕೈಯಲ್ಲಿ ಬಟ್ಟಲು ತುಂಬಿತ್ತು, ಹಬೆಯಾಡುತ್ತಿತ್ತು. ಅದನ್ನು ಕೆಳಗಿಟ್ಟಳು.

"ಬಿಕ್ರಂ, ಇಲ್ಲಿ ಬಾ."

"ಏನ್ ಅತ್ತಿಗೆ?"

"ನಿನ್ನ ಸ್ನೇಹಿತರನ್ನೂ ಕರಿ. ಕೂತ್ಕೊಳ್ಳಿ. ಮೊದಲಿಂದ ಹೇಗಿತ್ತು ಅಂತ ನಾನು ಹೇಳ್ತೀನಿ."

ಅವನು ನಗಲು ನೋಡಿದ. ಅವಳ ಕಣ್ಣು ನೋಡಿ ಕೂತ. ಪಕ್ಕದಲ್ಲಿ ಗಜಮಾನ್ ಮೊಸರಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವಳು ಹೆಸರು ಬಿಡದೆ ಹೇಳಿದಳು. ಬಿಕ್ರಂನ ಅಪ್ಪನ ಹೆಸರು ಹೇಳಿದಳು, ಪಕ್ಕದಲ್ಲಿ ಕೂತ ಗಂಡನ ಹೆಸರೂ ಹೇಳಿದಳು, ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂಬ ಕಟ್ಟನ್ನೂ ಮುರಿದು. ದನಿ ಏರಿತು, ಇಳಿಯಲಿಲ್ಲ. ಮುಗಿಸುವ ಹೊತ್ತಿಗೆ ಸಾರು ಪೂರ್ತಿ ಆರಿ ಮೇಲೆ ಎಣ್ಣೆ ಕಟ್ಟಿತ್ತು. ಮೊಮ್ಮಗಳು, "ಬಿಸಿ ತಂದ್ಕೊಡ್ಲಾ ಅಜಿ?" ಎಂದಳು.

"ಬೇಡ" ಎಂದು ಬೇಖಾ ಆ ತಣ್ಣನೆಯ ಸಾರನ್ನೇ ಕುಡಿಯತೊಡಗಿದಳು. ಮೂಗು ಇನ್ನೂ ಸಿಟ್ಟಿನಿಂದ ಅದುರುತ್ತಿತ್ತು.